ಹುಣಸೆ ಬೀಜ ಮತ್ತು ಮೊಬೈಲ್ ಕ್ಯಾಲ್ಕುಲೇಟರ್ ಇಟ್ಟುಕೊಂಡು ವಿಕಿರಣದ ಲೆಕ್ಕ ಕಲಿಯುವುದು ಹೇಗೆ

"ವಿಕಿರಣ" ಅನ್ನೋ ಪದ ಸುದ್ದಿಯಲ್ಲಿ ಬಂದ ತಕ್ಷಣ ಜನ ಎರಡು ಗುಂಪಾಗುತ್ತಾರೆ. ಇನ್ನೇನು ಎಲ್ಲ ಮುಗಿಯಿತು ಎನ್ನುವವರು ಒಂದು ಕಡೆ. ಅಯ್ಯೋ ಬಾಳೆಹಣ್ಣಿನಲ್ಲೂ ವಿಕಿರಣ ಇದೆ ಸುಮ್ನಿರಿ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಲೆಕ್ಕ ಹಾಕಿರುವುದಿಲ್ಲ. ಹಾಗಂತ ಲೆಕ್ಕ ಕಷ್ಟವೇನಲ್ಲ, ಹತ್ತನೇ ಕ್ಲಾಸಿನ ಗಣಿತ ಸಾಕು. ಯಾವ ವಸ್ತು, ಅದರ ಅರ್ಧಾಯು (ಅರ್ಧ ಉಳಿಯಲು ಹಿಡಿಯುವ ಕಾಲ) ಎಷ್ಟು, ಎಷ್ಟಿದೆ, ಅದು ಮೈ ಹೊರಗಿದೆಯೋ ಒಳಗಿದೆಯೋ: ಈ ನಾಲ್ಕು ಪ್ರಶ್ನೆ ಕೇಳಿ ಉತ್ತರ ಹುಡುಕಲು ಬಂದರೆ ಯಾವ ಸುದ್ದಿಯನ್ನೂ ನೀವೇ ತೂಗಿ ನೋಡಬಹುದು.

ಬೇಕಾಗಿರುವುದು ನೂರು ಹುಣಸೆ ಬೀಜ, ಒಂದು ಹಾಳೆ, ಪೆನ್ನು, ಮೊಬೈಲ್. ನಾಣ್ಯವೂ ಆಗುತ್ತದೆ, ಆದರೆ ಎಲ್ಲದಕ್ಕೂ ಸ್ಕ್ಯಾನ್ ಮಾಡುವ ಈ ಕಾಲದಲ್ಲಿ ಮನೆಯಲ್ಲಿ ನೂರು ನಾಣ್ಯ ಯಾರ ಹತ್ತಿರ ಇದೆ ಹೇಳಿ.

ಮೊದಲು, ಒಳಗೆ ಆಗುತ್ತಿರುವುದೇನು

ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇರುತ್ತದೆ. ಅದರಲ್ಲಿ ಪ್ರೋಟಾನ್ ಮತ್ತು ನ್ಯೂಟ್ರಾನ್ ತುಂಬಿಕೊಂಡಿರುತ್ತವೆ. ಪ್ರೋಟಾನ್‌ಗಳೆಲ್ಲ ಧನ ವಿದ್ಯುದಂಶದವು, ಹಾಗಾಗಿ ಒಂದನ್ನೊಂದು ತಳ್ಳುತ್ತಲೇ ಇರುತ್ತವೆ. ಆದರೂ ಅವು ಚೆದುರಿ ಹೋಗುವುದಿಲ್ಲ. ಬಹಳ ಹತ್ತಿರದಲ್ಲಿ ಮಾತ್ರ ಕೆಲಸ ಮಾಡುವ, ಆದರೆ ಭಾರಿ ಜೋರಾದ ಇನ್ನೊಂದು ಬಲ ಅವನ್ನು ಹಿಡಿದಿಟ್ಟಿರುತ್ತದೆ. ನ್ಯೂಕ್ಲಿಯಸ್ ದೊಡ್ಡದಾದಷ್ಟೂ ಈ ಹಿಡಿತ ಸಾಲದೆ ಬರುತ್ತದೆ. ಯುರೇನಿಯಂ-238 ತೆಗೆದುಕೊಳ್ಳಿ, ಅದರಲ್ಲಿ 92 ಪ್ರೋಟಾನ್, 146 ನ್ಯೂಟ್ರಾನ್. ಹೆಸರಿನ ಪಕ್ಕದ 238 ಅಂದರೆ ಇವೆರಡರ ಮೊತ್ತ, ಅಷ್ಟೇ. ಇಷ್ಟು ದೊಡ್ಡ ನ್ಯೂಕ್ಲಿಯಸ್ ಒಂದಲ್ಲ ಒಂದು ದಿನ ಒಳಗಿನದನ್ನು ಸ್ವಲ್ಪ ಹೊರಗೆ ಎಸೆದು ಹಗುರಾಗುತ್ತದೆ. ಇದೇ ವಿಕಿರಣ ಕ್ಷಯ.

ಎಸೆಯುವುದು ಎರಡು ಪ್ರೋಟಾನ್ ಎರಡು ನ್ಯೂಟ್ರಾನ್ ಸೇರಿದ ತುಂಡಾದರೆ ಅದು ಆಲ್ಫಾ, ಒಂದು ಎಲೆಕ್ಟ್ರಾನ್ ಆದರೆ ಬೀಟಾ, ಬರೀ ಶಕ್ತಿಯ ಅಲೆಯಾದರೆ ಗಾಮಾ. ಆಲ್ಫಾವನ್ನು ಒಂದು ಹಾಳೆ ತಡೆಯುತ್ತದೆ, ಬೀಟಾಗೆ ಕೆಲವು ಮಿಲಿಮೀಟರ್ ಅಲ್ಯೂಮಿನಿಯಂ ಬೇಕು, ಗಾಮಾಗೆ ಸೀಸ ಇಲ್ಲವೇ ದಪ್ಪ ಕಾಂಕ್ರೀಟ್. ಇದನ್ನು ಓದಿ ಆಲ್ಫಾ ಪಾಪದ್ದು ಅಂದುಕೊಳ್ಳಬೇಡಿ. ಚರ್ಮದ ಹೊರಗಿದ್ದರೆ ಅದು ಏನೂ ಮಾಡುವುದಿಲ್ಲ, ನಿಜ. ಉಸಿರಿನ ಜೊತೆ ಒಳಗೆ ಹೋದರೆ ಮೂರರಲ್ಲಿ ಅದೇ ಕೆಟ್ಟದ್ದು, ಯಾಕೆಂದರೆ ಹಾಳೆಯಲ್ಲಿ ನಿಲ್ಲುವ ಆ ಶಕ್ತಿ ಪೂರ್ತಿ ಶ್ವಾಸಕೋಶದ ಒಂದೇ ಜಾಗದಲ್ಲಿ ಬೀಳುತ್ತದೆ.

1896ರಲ್ಲಿ ಹೆನ್ರಿ ಬೆಕೆರೆಲ್ ಯುರೇನಿಯಂ ಉಪ್ಪಿನಿಂದ ಏನೋ ಹೊರಬರುತ್ತಿದೆ ಎಂದು ಕಂಡ. ಎರಡು ವರ್ಷದ ನಂತರ ಮೇರಿ ಮತ್ತು ಪಿಯರ್ ಕ್ಯೂರಿ ಪೊಲೋನಿಯಂ, ರೇಡಿಯಂ ಹುಡುಕಿದರು. ಇತಿಹಾಸ ಇಷ್ಟು ಸಾಕು, ಬೀಜ ತನ್ನಿ.

ಬೀಜ ಎಸೆಯುವುದು

ಚೌಕಾಬಾರ ಆಡಿದವರಿಗೆ ಗೊತ್ತಿರುತ್ತದೆ, ಹುಣಸೆ ಬೀಜದ ಒಂದು ಮೈಯನ್ನು ಕಲ್ಲಿಗೆ ಉಜ್ಜಿದರೆ ಬಿಳಿ ಬರುತ್ತದೆ, ಇನ್ನೊಂದು ಮೈ ಕಪ್ಪಾಗಿಯೇ ಇರುತ್ತದೆ. ಹಾಗೆ ನೂರು ಬೀಜ ಉಜ್ಜಿ. ಮಕ್ಕಳಿದ್ದರೆ ಈ ಕೆಲಸ ಅವರಿಗೆ ಕೊಡಿ. ಎಲ್ಲವನ್ನೂ ಡಬ್ಬದಲ್ಲಿ ಕುಲುಕಿ ನೆಲಕ್ಕೆ ಚೆಲ್ಲಿ. ಬಿಳಿ ಮೇಲೆ ಬಿದ್ದ ಬೀಜಗಳು "ಕ್ಷಯ ಆದವು", ಪಕ್ಕಕ್ಕೆ ಇಡಿ. ಕಪ್ಪು ಉಳಿದವನ್ನು ಎಣಿಸಿ ಬರೆದುಕೊಳ್ಳಿ, ಮತ್ತೆ ಡಬ್ಬಕ್ಕೆ ಹಾಕಿ, ಮತ್ತೆ ಚೆಲ್ಲಿ. ಬೀಜ ಮುಗಿಯುವವರೆಗೂ ಇಷ್ಟೇ ಕೆಲಸ.

ಹಾಳೆಯ ಮೇಲೆ 100, 50, 25, 12, 6, 3 ಎಂದು ನೀಟಾಗಿ ಬರುತ್ತದೆ ಅಂದುಕೊಂಡರೆ ಬರುವುದಿಲ್ಲ. 100, 46, 25, 14, 5, 4 ಹೀಗೆ ಏನೋ ಬರುತ್ತದೆ. ಮೊದಲ ಸಾಲುಗಳು ಅರ್ಧಕ್ಕೆ ಹತ್ತಿರ ಇರುತ್ತವೆ, ಕೊನೆಯವು ಮನಸ್ಸಿಗೆ ಬಂದ ಹಾಗೆ ಕುಣಿಯುತ್ತವೆ. ಬೀಜ ಜಾಸ್ತಿ ಇದ್ದಾಗ ಲೆಕ್ಕ ಕೂಡುತ್ತದೆ, ಕಡಿಮೆ ಇದ್ದಾಗ ಕೈಕೊಡುತ್ತದೆ. ಪರಮಾಣುಗಳ ವಿಷಯದಲ್ಲಿ ಈ ತೊಂದರೆ ಇಲ್ಲ, ಯಾಕೆಂದರೆ ಒಂದು ಚಿಟಿಕೆ ಯುರೇನಿಯಂನಲ್ಲೇ ಇಪ್ಪತ್ತಕ್ಕೂ ಜಾಸ್ತಿ ಸೊನ್ನೆ ಇರುವಷ್ಟು ಪರಮಾಣುಗಳಿರುತ್ತವೆ. ಯಾವುದು ಯಾವಾಗ ಒಡೆಯುತ್ತದೆ ಎಂದು ಯಾರೂ ಹೇಳಲಾರರು. ಒಟ್ಟಿಗೆ ಎಷ್ಟು ಒಡೆಯುತ್ತವೆ ಎಂದು ಮಾತ್ರ ಬಹಳ ನಿಖರವಾಗಿ ಹೇಳಬಹುದು.

ಇಲ್ಲಿ ಒಂದು ನಿಮಿಷ ನಿಲ್ಲಿ. ಐದು ಸಲ ಎಸೆದರೂ ಕಪ್ಪಾಗಿಯೇ ಬಿದ್ದ ಬೀಜ ಇದೆಯಲ್ಲ, ಅದು ಆರನೇ ಸಲ ಬಿಳಿ ಬೀಳುವ ಸಾಧ್ಯತೆ ಜಾಸ್ತಿ ಆಗಿದೆಯೇ? ಇಲ್ಲ. ಮೊದಲ ಸಲ ಎಷ್ಟಿತ್ತೋ ಈಗಲೂ ಅಷ್ಟೇ. ಪರಮಾಣುವಿಗೆ ವಯಸ್ಸಾಗುವುದಿಲ್ಲ. ಭೂಮಿ ಹುಟ್ಟುವ ಮೊದಲೇ ತಯಾರಾದ ಯುರೇನಿಯಂ ಪರಮಾಣುವಿಗೂ ನಿನ್ನೆ ತಯಾರಾದದ್ದಕ್ಕೂ ಮುಂದಿನ ಸೆಕೆಂಡಿನಲ್ಲಿ ಒಡೆಯುವ ಸಾಧ್ಯತೆ ಒಂದೇ. ಈ ವಿಷಯ ತಲೆಗೆ ಹೋದರೆ ಮುಂದಿನದೆಲ್ಲ ಸಲೀಸು. ಹೋಗಲಿಲ್ಲ ಅಂದರೆ ಇನ್ನೊಂದು ಸುತ್ತು ಬೀಜ ಎಸೆಯಿರಿ.

ನಿಮ್ಮ ಬೀಜಗಳು ಒಂದು ಕಡೆಗೆ ಭಾರ ಇದ್ದು ಸಲಕ್ಕೆ ನೂರಕ್ಕೆ 35 ಮಾತ್ರ ಬಿಳಿ ಬೀಳುತ್ತಿದ್ದರೂ ಪರವಾಗಿಲ್ಲ. ಆಗ ಅರ್ಧ ಆಗಲು ಒಂದು ಎಸೆತ ಸಾಲದು, ಒಂದೂವರೆಗಿಂತ ಸ್ವಲ್ಪ ಜಾಸ್ತಿ ಬೇಕು. ಲೂಡೋ ದಾಳದಲ್ಲಿ ಆರು ಬಿದ್ದದ್ದನ್ನು ಮಾತ್ರ ತೆಗೆಯುತ್ತಾ ಹೋದರೆ ಅರ್ಧ ಆಗಲು ಸುಮಾರು ನಾಲ್ಕು ಎಸೆತ ಬೇಕು. ಅರ್ಧ ಉಳಿಯಲು ಹಿಡಿಯುವ ಈ ಕಾಲವೇ ಅರ್ಧಾಯು. ಒಂದೇ ಧಾತುವಿನ, ನ್ಯೂಟ್ರಾನ್ ಎಣಿಕೆ ಮಾತ್ರ ಬೇರೆಯಾದ ರೂಪಗಳಿಗೆ ಐಸೋಟೋಪ್ ಎನ್ನುತ್ತಾರೆ, ಪ್ರತಿ ಐಸೋಟೋಪಿಗೂ ತನ್ನದೇ ಅರ್ಧಾಯು ಇರುತ್ತದೆ. ಕಾಯಿಸಿ, ಕುಟ್ಟಿ, ಆಸಿಡ್‌ನಲ್ಲಿ ಕರಗಿಸಿ, ಅದು ಜಪ್ಪಯ್ಯ ಅಂದರೂ ಬದಲಾಗುವುದಿಲ್ಲ.

ಈಗ ಮೊಬೈಲ್ ತೆಗೆಯಿರಿ

ಸೂತ್ರ ಒಂದೇ: ಉಳಿದ ಪಾಲು = 0.5^(ಕಳೆದ ಕಾಲ ÷ ಅರ್ಧಾಯು). ಮೊಬೈಲ್ ಅಡ್ಡ ಹಿಡಿದರೆ ಕ್ಯಾಲ್ಕುಲೇಟರಿನಲ್ಲಿ ಘಾತದ ಬಟನ್ ಕಾಣಿಸುತ್ತದೆ. ಕಾಲ ಮತ್ತು ಅರ್ಧಾಯು ಎರಡೂ ಒಂದೇ ಅಳತೆಯಲ್ಲಿರಬೇಕು, ದಿನ ಅಂದರೆ ದಿನ, ವರ್ಷ ಅಂದರೆ ವರ್ಷ. ತಪ್ಪುವುದು ಹೆಚ್ಚಾಗಿ ಇಲ್ಲೇ.

ಚೆರ್ನೋಬಿಲ್ ಲೆಕ್ಕ ಮಾಡೋಣ. 1986ರ ಏಪ್ರಿಲ್ 26ರಂದು ಅಲ್ಲಿನ ಅಣು ಸ್ಥಾವರದ ನಾಲ್ಕನೇ ರಿಯಾಕ್ಟರ್ ಸ್ಫೋಟವಾಯಿತು. ಹೊರಬಿದ್ದದ್ದರಲ್ಲಿ ಜನರಿಗೆ ಮುಖ್ಯವಾಗಿ ತೊಂದರೆ ಕೊಟ್ಟದ್ದು ಅಯೋಡಿನ್-131 ಮತ್ತು ಸೀಸಿಯಂ-137. ಅಯೋಡಿನ್‌ನ ಅರ್ಧಾಯು 8 ದಿನ. 80 ದಿನ ಕಳೆದರೆ 80 ÷ 8 = 10, 0.5^10 ಅಂದರೆ 1024ರಲ್ಲಿ ಒಂದು ಪಾಲು. ಆ ವರ್ಷದ ದೀಪಾವಳಿ ಹೊತ್ತಿಗೆ ಅಯೋಡಿನ್ ಲೆಕ್ಕಕ್ಕೇ ಇರಲಿಲ್ಲ. ಸೀಸಿಯಂ ಹಾಗಲ್ಲ. ಅದರ ಅರ್ಧಾಯು ಸುಮಾರು 30 ವರ್ಷ. 2026ಕ್ಕೆ 40 ವರ್ಷ, 0.5^(40/30) ಒತ್ತಿದರೆ 0.397 ಬರುತ್ತದೆ. ಅಂದರೆ ಅವತ್ತು ಮಣ್ಣಿಗೆ ಬಿದ್ದ ಸೀಸಿಯಂನಲ್ಲಿ ನೂರಕ್ಕೆ 40 ಪಾಲು ಇನ್ನೂ ಸೀಸಿಯಂ ಆಗಿಯೇ ಇದೆ. "30 ವರ್ಷಕ್ಕೆ ಅರ್ಧ ಹೋದರೆ 60 ವರ್ಷಕ್ಕೆ ಪೂರ್ತಿ ಹೋಯಿತು" ಎನ್ನುವವರು ಸಿಗುತ್ತಾರೆ. 60 ವರ್ಷಕ್ಕೂ ಕಾಲು ಭಾಗ ಉಳಿದಿರುತ್ತದೆ.

ಈ ಲೆಕ್ಕ ಬರೀ ಪರೀಕ್ಷೆಗೆ ಅಲ್ಲ. ಅಯೋಡಿನ್ ಹುಲ್ಲಿನ ಮೇಲೆ ಬೀಳುತ್ತದೆ, ಹಸು ಹುಲ್ಲು ಮೇಯುತ್ತದೆ, ಹಾಲಿಗೆ ಬರುತ್ತದೆ, ಮಗುವಿನ ಥೈರಾಯ್ಡ್ ಗ್ರಂಥಿ ಅದನ್ನು ಹೀರಿಕೊಳ್ಳುತ್ತದೆ. ಚೆರ್ನೋಬಿಲ್ ಸುತ್ತಲ ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಹೆಚ್ಚಿದ್ದು ಹೀಗೆಯೇ. ಆ ಹಾಲನ್ನು ಪುಡಿ ಮಾಡಿ ಎರಡು ಮೂರು ತಿಂಗಳು ಇಟ್ಟಿದ್ದರೆ ಅಯೋಡಿನ್ ತಾನಾಗಿಯೇ ಮುಗಿದಿರುತ್ತಿತ್ತು. ಸೀಸಿಯಂ ಬಿದ್ದ ಹಾಲಿಗೆ ಈ ಉಪಾಯ ನಡೆಯುವುದಿಲ್ಲ. ಅರ್ಧಾಯು ಗೊತ್ತಿದ್ದರೆ ಕಾಯಬೇಕೋ ಚೆಲ್ಲಬೇಕೋ ಗೊತ್ತಾಗುತ್ತದೆ.

ಸೂತ್ರವನ್ನು ತಿರುಗಿಸಿದರೆ ಗಡಿಯಾರವೂ ಆಗುತ್ತದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಹತ್ತಿದ್ದೀರಲ್ವಾ? ಅದು ಸುಮಾರು 300 ಕೋಟಿ ವರ್ಷ ಹಳೆಯದು. ಇಂಥ ಬಂಡೆಗಳ ವಯಸ್ಸನ್ನು ಅವುಗಳೊಳಗಿನ ಜಿರ್ಕಾನ್ ಎಂಬ ಪುಟ್ಟ ಹರಳುಗಳಿಂದ ಹೇಳುತ್ತಾರೆ. ಹರಳು ಹುಟ್ಟುವಾಗ ಯುರೇನಿಯಂ ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಹೊರಗೇ ಬಿಡುತ್ತದೆ. ಯುರೇನಿಯಂ-238 ಒಂದೇ ಏಟಿಗೆ ಸುಮ್ಮನಾಗುವುದಿಲ್ಲ. ಥೋರಿಯಂ, ರೇಡಿಯಂ, ರೇಡಾನ್ ಹೀಗೆ ವೇಷ ಬದಲಿಸುತ್ತಾ ಹದಿನಾಲ್ಕು ಮೆಟ್ಟಿಲು ಇಳಿದು ಕೊನೆಗೆ ಸೀಸ-206 ಆಗಿ ನಿಲ್ಲುತ್ತದೆ. ಹಾಗಾಗಿ ಹರಳಿನಲ್ಲಿ ಈಗ ಇರುವ ಸೀಸ ಎಲ್ಲ ಹಳೆಯ ಯುರೇನಿಯಂ. ಅರ್ಧಾಯು 447 ಕೋಟಿ ವರ್ಷ. 0.5^(300/447) ಹಾಕಿ ನೋಡಿ, 0.628. ನೂರರಲ್ಲಿ 63 ಯುರೇನಿಯಂ ಉಳಿದಿದ್ದು 37 ಸೀಸ ಆಗಿದ್ದರೆ ಹರಳು 300 ಕೋಟಿ ವರ್ಷದ್ದು ಎಂದರ್ಥ. ಕಾರ್ಬನ್-14 ಇಲ್ಲಿ ಉಪಯೋಗಕ್ಕಿಲ್ಲ. ಅದರ ಅರ್ಧಾಯು 5,730 ವರ್ಷ, 50 ಸಾವಿರ ವರ್ಷ ದಾಟಿದರೆ ಎಣಿಸಲು ಏನೂ ಉಳಿದಿರುವುದಿಲ್ಲ. ಕಾರ್ಬನ್ ಡೇಟಿಂಗ್‌ನಿಂದ ಲಕ್ಷಾಂತರ ವರ್ಷ ಹಳೆಯದು ಎಂದು ಸಾಬೀತಾಯಿತು ಅಂತ ಯಾರಾದರೂ ವಾಟ್ಸಾಪಿನಲ್ಲಿ ಕಳಿಸಿದರೆ ಅಲ್ಲಿಗೇ ಓದುವುದು ನಿಲ್ಲಿಸಬಹುದು.

447 ಕೋಟಿ ವರ್ಷ ಯಾರು ಕಾದು ನೋಡಿದರು?

ಒಳ್ಳೆಯ ಪ್ರಶ್ನೆ. ಯಾರೂ ಕಾಯಲಿಲ್ಲ. ಎಣಿಸಿದರು. ಒಂದು ಸೆಕೆಂಡಿನಲ್ಲಿ ಒಂದು ಪರಮಾಣು ಒಡೆದರೆ ಅದು ಒಂದು ಬೆಕೆರೆಲ್. ಸೂತ್ರ ಹೀಗೆ: ಬೆಕೆರೆಲ್ = 0.693 × ಪರಮಾಣುಗಳ ಎಣಿಕೆ ÷ ಸೆಕೆಂಡಿನಲ್ಲಿ ಅರ್ಧಾಯು. ಒಂದು ಗ್ರಾಂ ಯುರೇನಿಯಂ-238ರಲ್ಲಿ ಎಷ್ಟು ಪರಮಾಣು? 238 ಗ್ರಾಂನಲ್ಲಿ 6.022 × 10^23 ಪರಮಾಣು ಇರುತ್ತವೆ (ಅವೊಗಾಡ್ರೊ ಸಂಖ್ಯೆ), ಅದನ್ನು 238ರಿಂದ ಭಾಗಿಸಿ, 2.53 × 10^21. ವರ್ಷಕ್ಕೆ 3.156 × 10^7 ಸೆಕೆಂಡು, ಹಾಗಾಗಿ ಅರ್ಧಾಯು 1.41 × 10^17 ಸೆಕೆಂಡು. ಒತ್ತಿದರೆ ಸುಮಾರು 12,400 ಬೆಕೆರೆಲ್ ಬರುತ್ತದೆ. ಪ್ರಯೋಗಾಲಯದಲ್ಲಿ ಇದನ್ನೇ ಉಲ್ಟಾ ಮಾಡುತ್ತಾರೆ. ಗ್ರಾಂ ತೂಗುತ್ತಾರೆ, ಸೆಕೆಂಡಿಗೆ ಎಷ್ಟು ಒಡೆಯುತ್ತದೆ ಎಂದು ಎಣಿಸುತ್ತಾರೆ, ಅರ್ಧಾಯು ತಾನಾಗಿಯೇ ಬರುತ್ತದೆ.

ಈ ಸೂತ್ರದಲ್ಲಿ ಅರ್ಧಾಯು ಕೆಳಗಡೆ ಇದೆ, ಗಮನಿಸಿ. ಅದೇ ಲೆಕ್ಕವನ್ನು ಒಂದು ಗ್ರಾಂ ಅಯೋಡಿನ್-131ಕ್ಕೆ ಹಾಕಿದರೆ 4.6 × 10^15 ಬೆಕೆರೆಲ್ ಬರುತ್ತದೆ, ಅಂದರೆ ಸೆಕೆಂಡಿಗೆ 4,600 ಲಕ್ಷ ಕೋಟಿ. ಯುರೇನಿಯಂ 12 ಸಾವಿರ, ಅಯೋಡಿನ್ ಇಷ್ಟು! "ಇದರ ವಿಕಿರಣ ಕೋಟಿಗಟ್ಟಲೆ ವರ್ಷ ಇರುತ್ತದೆ" ಎಂದು ಹೆದರಿಸುವ ಸುದ್ದಿ ಓದುವಾಗ ನೆನಪಿರಲಿ, ಕೋಟಿ ವರ್ಷ ಇರುವುದು ಒಂದೊಂದಾಗಿ ಮೆಲ್ಲಗೆ ಒಡೆಯುತ್ತದೆ, ಎಂಟು ದಿನದ್ದು ಒಂದೇ ಸಮನೆ ಸಿಡಿದು ಮುಗಿಯುತ್ತದೆ. ನಿಜವಾದ ತಲೆನೋವು ನಡುವಿನವು. ಸೀಸಿಯಂ-137ರ 30 ವರ್ಷ, ಸ್ಟ್ರಾಂಷಿಯಂ-90ರ 29 ವರ್ಷ. ಮೈಗೆ ಹಾನಿ ಮಾಡುವಷ್ಟು ಜೋರಾಗಿಯೂ ಇರುತ್ತವೆ, ಒಬ್ಬ ಮನುಷ್ಯನ ಆಯಸ್ಸು ಪೂರ್ತಿ ಜೊತೆಗೂ ಇರುತ್ತವೆ.

ಬೆಕೆರೆಲ್ ಬೇರೆ, ಸೀವರ್ಟ್ ಬೇರೆ

ಗೊಬ್ಬರದ ಅಂಗಡಿಗೆ ಹೋಗಿ. ಪೊಟ್ಯಾಷ್ ಚೀಲ, ಅದೇ ಎಂಒಪಿ, 50 ಕಿಲೋದ್ದು. ಅದರಲ್ಲಿ ಅರ್ಧದಷ್ಟು ತೂಕ ಪೊಟ್ಯಾಸಿಯಂ. ಪ್ರಕೃತಿಯಲ್ಲಿ ಸಿಗುವ ಪೊಟ್ಯಾಸಿಯಂನಲ್ಲಿ ಹತ್ತು ಸಾವಿರಕ್ಕೆ ಒಂದರಷ್ಟು ಪೊಟ್ಯಾಸಿಯಂ-40 ಇರುತ್ತದೆ, ಅದು ವಿಕಿರಣಶೀಲ, ಅರ್ಧಾಯು 125 ಕೋಟಿ ವರ್ಷ. ಹಾಗಾಗಿ ಯಾವ ಪೊಟ್ಯಾಸಿಯಂ ಆದರೂ ಗ್ರಾಂಗೆ 31 ಬೆಕೆರೆಲ್. 25,000 ಗ್ರಾಂಗೆ ಗುಣಿಸಿ. ಒಂದು ಚೀಲಕ್ಕೆ ಏಳೂಮುಕ್ಕಾಲು ಲಕ್ಷ ಬೆಕೆರೆಲ್! ಲೋಡುಗಟ್ಟಲೆ ಚೀಲ ಪೇರಿಸಿದ ಗೋಡೌನ್‌ನಲ್ಲಿ ವಿಕಿರಣ ಎಣಿಸುವ ಗೈಗರ್ ಕೌಂಟರ್ ಹಿಡಿದರೆ ಟಿಕ್ ಟಿಕ್ ಜಾಸ್ತಿಯೇ ಕೇಳುತ್ತದೆ. ಆದರೂ ರೈತರು ತಲೆಮಾರುಗಳಿಂದ ಅದನ್ನು ಹೊತ್ತು ಹೊಲಕ್ಕೆ ಹಾಕುತ್ತಿದ್ದಾರೆ, ಅದರಿಂದ ಯಾರಿಗೂ ಏನೂ ಆಗಿಲ್ಲ.

"ಲಕ್ಷ ಬೆಕೆರೆಲ್ ಸೋರಿಕೆ" ಎಂಬ ತಲೆಬರಹ ಒಂದರಿಂದಲೇ ಏನೂ ಗೊತ್ತಾಗುವುದಿಲ್ಲ ಎನ್ನುವುದು ಇದಕ್ಕೇ. ಬೆಕೆರೆಲ್ ಹೇಳುವುದು ಎಷ್ಟು ಒಡೆಯುತ್ತಿದೆ ಎಂದು. ಮೈಗೆ ಎಷ್ಟು ತಗುಲಿತು ಎಂದು ಹೇಳುವುದು ಸೀವರ್ಟ್, ಸಾಮಾನ್ಯವಾಗಿ ಮಿಲಿಸೀವರ್ಟ್. ನಿಮ್ಮ ಮೈಯಲ್ಲೇ ಪೊಟ್ಯಾಸಿಯಂನಿಂದ ಸುಮಾರು 4,000 ಬೆಕೆರೆಲ್ ಇದೆ, ಅದರಿಂದ ವರ್ಷಕ್ಕೆ ಬರುವುದು 0.2 ಮಿಲಿಸೀವರ್ಟಿಗೂ ಕಡಿಮೆ. ಬಾಳೆಹಣ್ಣಿನ ಗುಂಪಿನವರಿಗೂ ಇಲ್ಲೊಂದು ಮಾತು. ಒಂದು ಹಣ್ಣಿನಲ್ಲಿ ಸುಮಾರು 15 ಬೆಕೆರೆಲ್ ಇರುವುದು ನಿಜ, ಆದರೆ ದೇಹ ತನಗೆ ಬೇಕಾದಷ್ಟು ಪೊಟ್ಯಾಸಿಯಂ ಇಟ್ಟುಕೊಂಡು ಉಳಿದದ್ದನ್ನು ಹೊರಗೆ ಹಾಕುತ್ತದೆ. ಡಜನ್ ತಿಂದರೂ ಅದು ಒಳಗೆ ಸೇರುತ್ತಾ ಹೋಗುವುದಿಲ್ಲ. ಅಯೋಡಿನ್ ಥೈರಾಯ್ಡಿನಲ್ಲಿ, ಸ್ಟ್ರಾಂಷಿಯಂ ಮೂಳೆಯಲ್ಲಿ ಕೂತುಬಿಡುತ್ತದೆ. ಇವನ್ನು ಬಾಳೆಹಣ್ಣಿಗೆ ಹೋಲಿಸುವುದು ಮೋಸ.

ಅಂದಾಜಿಗೆ ಕೆಲವು ಅಂಕಿ ಇಟ್ಟುಕೊಳ್ಳಿ. ಮಣ್ಣು, ಕಲ್ಲು, ಆಕಾಶ, ಊಟ ಎಲ್ಲದರಿಂದ ಜಗತ್ತಿನ ಸರಾಸರಿ ಮನುಷ್ಯನಿಗೆ ವರ್ಷಕ್ಕೆ 2.4 ಮಿಲಿಸೀವರ್ಟ್ ಸಿಗುತ್ತದೆ, ಅದರಲ್ಲಿ ಅರ್ಧದಷ್ಟು ನೆಲದಿಂದ ಏಳುವ ರೇಡಾನ್ ಅನಿಲದ್ದೇ. ಕಲ್ಲಿನ ಮನೆಯಾದರೆ ಕಿಟಕಿ ತೆಗೆದಿಡಿ, ಅದಕ್ಕಿಂತ ಸುಲಭದ ಮದ್ದಿಲ್ಲ. ಕೇರಳದ ಕರುನಾಗಪ್ಪಳ್ಳಿ ಕರಾವಳಿಯ ಮರಳಿನಲ್ಲಿ ಥೋರಿಯಂ ಇರುವುದರಿಂದ ಅಲ್ಲಿ ಈ ಅಂಕಿ ಹಲವು ಪಟ್ಟು ಜಾಸ್ತಿ. ಎದೆಯ ಎಕ್ಸ್‌ರೇ 0.1 ಅಥವಾ ಅದಕ್ಕೂ ಕಡಿಮೆ, ಹೊಟ್ಟೆಯ ಸಿಟಿ ಸ್ಕ್ಯಾನ್ 10ರ ಆಸುಪಾಸು. ಅಣು ಸ್ಥಾವರಗಳ ಕಾರಣದಿಂದ ಸಾಮಾನ್ಯ ಜನರಿಗೆ ವರ್ಷಕ್ಕೆ 1ಕ್ಕಿಂತ ಜಾಸ್ತಿ ತಗುಲಬಾರದು, ಅಲ್ಲಿ ಕೆಲಸ ಮಾಡುವವರಿಗೆ ಐದು ವರ್ಷದ ಸರಾಸರಿ 20 ಮೀರಬಾರದು ಎಂಬುದು ನಮ್ಮ ದೇಶದ ನಿಯಮ. ಒಂದೇ ಸಲಕ್ಕೆ ನಾಲ್ಕೈದು ಸಾವಿರ ಮಿಲಿಸೀವರ್ಟ್ ತಗುಲಿದರೆ, ಚಿಕಿತ್ಸೆ ಇಲ್ಲದಿದ್ದರೆ ಅರ್ಧದಷ್ಟು ಜನ ಉಳಿಯುವುದಿಲ್ಲ.

ದೇಹಕ್ಕೂ ಒಂದು ಅರ್ಧಾಯು ಇದೆ

2009ರ ನವೆಂಬರಿನಲ್ಲಿ ಕೈಗಾ ಅಣು ಸ್ಥಾವರದಲ್ಲಿ ಒಂದು ವಿಚಿತ್ರ ಘಟನೆ ನಡೆಯಿತು. ಕೆಲಸಗಾರರು ಕುಡಿಯುವ ನೀರಿನ ಕೂಲರ್‌ಗೆ ಯಾರೋ ಬೇಕೆಂದೇ ಟ್ರಿಟಿಯಂ ಇರುವ ಭಾರಜಲ (ಭಾರದ ಜಲಜನಕ ಇರುವ ನೀರು) ಬೆರೆಸಿದ್ದರು. ಮೂತ್ರ ಪರೀಕ್ಷೆಯಲ್ಲಿ ಐವತ್ತಕ್ಕೂ ಜಾಸ್ತಿ ಜನರಲ್ಲಿ ಟ್ರಿಟಿಯಂ ಕಂಡಿತು. ಟ್ರಿಟಿಯಂ ಅರ್ಧಾಯು 12.3 ವರ್ಷ. ಹಾಗಾದರೆ ಅವರ ಮೈಯಲ್ಲಿ 12 ವರ್ಷ ಅರ್ಧ ಉಳಿಯುತ್ತದೆಯೇ? ಇಲ್ಲ. ಟ್ರಿಟಿಯಂ ಅಂದರೆ ಜಲಜನಕವೇ, ನೀರಿನ ರೂಪದಲ್ಲಿ ಮೈ ಸೇರಿ ನೀರಿನ ಹಾಗೆಯೇ ಬೆವರು, ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಸುಮಾರು 10 ದಿನಕ್ಕೆ ಅರ್ಧ ಖಾಲಿ. ನೀರು, ಪಾನೀಯ ಜಾಸ್ತಿ ಕುಡಿದರೆ ಇನ್ನೂ ಬೇಗ. ಇಂಥ ಸಂದರ್ಭದಲ್ಲಿ ಕೊಡುವ ಮುಖ್ಯ ಚಿಕಿತ್ಸೆ ಅದೇ.

ಕ್ಷಯದ್ದು, ದೇಹದ್ದು ಎರಡೂ ಸೇರಿದ ಅರ್ಧಾಯು ಬೇಕಾದರೆ ಎರಡನ್ನು ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿ. ಅಯೋಡಿನ್-131ಕ್ಕೆ ಭೌತಿಕ ಅರ್ಧಾಯು 8 ದಿನ, ಥೈರಾಯ್ಡ್ ಬಿಟ್ಟು ಹೋಗಲು 80 ದಿನ ಎಂದಿಟ್ಟುಕೊಂಡರೆ 640 ÷ 88 = 7.3 ದಿನ. ಯಾವಾಗಲೂ ಉತ್ತರ ಎರಡರಲ್ಲಿ ಚಿಕ್ಕದಕ್ಕಿಂತಲೂ ಸ್ವಲ್ಪ ಕಡಿಮೆ ಬರಬೇಕು, ಬರಲಿಲ್ಲ ಅಂದರೆ ಎಲ್ಲೋ ತಪ್ಪು ಒತ್ತಿದ್ದೀರಿ.

ಮನೆಯಲ್ಲಿ ಯಾರಿಗಾದರೂ ಟೆಕ್ನೀಷಿಯಂ-99ಎಂ ಹಾಕಿ ಮೂಳೆ ಅಥವಾ ಹೃದಯದ ಸ್ಕ್ಯಾನ್ ಮಾಡಿದ್ದರೆ ಲೆಕ್ಕ ಇನ್ನೂ ಸಮಾಧಾನದ್ದು. ಅರ್ಧಾಯು 6 ಗಂಟೆ. ಒಂದು ದಿನಕ್ಕೆ ಹದಿನಾರನೇ ಒಂದು ಪಾಲು, ಎರಡು ದಿನಕ್ಕೆ 256ರಲ್ಲಿ ಒಂದು, ಮೂತ್ರದಲ್ಲಿ ಹೋಗುವುದನ್ನು ಸೇರಿಸದೆಯೇ. ಆಸ್ಪತ್ರೆಯವರು ಹೇಳಿದಷ್ಟು ಹೊತ್ತು ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಳ್ಳಬೇಡಿ, ಆಮೇಲೆ ನಿಶ್ಚಿಂತೆ.

ಕರೆಂಟ್ ಬರುವುದು ಎಲ್ಲಿಂದ

ಇಲ್ಲಿ ಬಹಳ ಜನ ಕಲಸುಮೇಲೋಗರ ಮಾಡಿಕೊಳ್ಳುತ್ತಾರೆ. ಅಣು ಸ್ಥಾವರ ಮುಖ್ಯವಾಗಿ ನಡೆಯುವುದು ಕ್ಷಯದಿಂದ ಅಲ್ಲ, ವಿದಳನದಿಂದ. ಕ್ಷಯ ತಾನಾಗಿ ಆಗುತ್ತದೆ, ಅದಕ್ಕೆ ಸ್ವಿಚ್ ಇಲ್ಲ. ವಿದಳನವನ್ನು ನಾವು ಮಾಡಿಸುತ್ತೇವೆ. ಯುರೇನಿಯಂ-235ರ ನ್ಯೂಕ್ಲಿಯಸ್‌ಗೆ ಒಂದು ನಿಧಾನದ ನ್ಯೂಟ್ರಾನ್ ಸೇರಿದರೆ ಅದು ಎರಡು ಹೋಳಾಗುತ್ತದೆ, ಜೊತೆಗೆ ಎರಡು ಮೂರು ಹೊಸ ನ್ಯೂಟ್ರಾನ್ ಹೊರಬರುತ್ತವೆ, ಅವು ಇನ್ನಷ್ಟನ್ನು ಒಡೆಯುತ್ತವೆ. 1938ರ ಕೊನೆಗೆ ಬರ್ಲಿನ್‌ನಲ್ಲಿ ಓಟೊ ಹಾನ್ ಮತ್ತು ಫ್ರಿಟ್ಜ್ ಸ್ಟ್ರಾಸ್‌ಮನ್ ಇದನ್ನು ಕಂಡರು, ಆಗುತ್ತಿರುವುದೇನು ಎಂದು ಬಿಡಿಸಿ ಹೇಳಿದ್ದು ಲೀಸಾ ಮೈಟ್ನರ್ ಮತ್ತು ಅವರ ಸೋದರಳಿಯ ಓಟೊ ಫ್ರಿಶ್. ಒಂದು ಗ್ರಾಂ ಯುರೇನಿಯಂ-235 ಪೂರ್ತಿ ಒಡೆದರೆ ಬರುವ ಶಾಖಕ್ಕೆ ಒಳ್ಳೆಯ ಕಲ್ಲಿದ್ದಲು ಸುಮಾರು ಮೂರು ಟನ್ ಸುಡಬೇಕು.

ಉತ್ತರ ಕನ್ನಡದ ಕಾಳಿ ನದಿ ದಂಡೆಯ ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಅಲ್ಲಿ ಉರಿಯುವುದು ನೈಸರ್ಗಿಕ ಯುರೇನಿಯಂ, ಅಂದರೆ ನೂರಕ್ಕೆ 0.7 ಪಾಲು ಮಾತ್ರ 235, ಉಳಿದದ್ದು 238. ಇಷ್ಟು ಕಡಿಮೆ ಇದ್ದಾಗ ಒಂದು ನ್ಯೂಟ್ರಾನನ್ನೂ ಪೋಲು ಮಾಡುವಂತಿಲ್ಲ. ಸಾದಾ ನೀರು ನ್ಯೂಟ್ರಾನ್ ನಿಧಾನ ಮಾಡುತ್ತಲೇ ಕೆಲವನ್ನು ನುಂಗಿಬಿಡುತ್ತದೆ, ಭಾರಜಲ ನುಂಗುವುದು ತೀರಾ ಕಡಿಮೆ. ಅದಕ್ಕೇ ಭಾರಜಲ. ಇಂಧನದ ಕಟ್ಟುಗಳನ್ನು ಓಡುತ್ತಿರುವಾಗಲೇ ಬದಲಿಸಬಹುದು ಎನ್ನುವುದು ಈ ಮಾದರಿಯ ಇನ್ನೊಂದು ಅನುಕೂಲ, ಹಾಗಾಗಿಯೇ ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ ಕೊನೆಗೆ 962 ದಿನ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಮಾಡಿತು.

ಇನ್ನು ಕ್ಷಯ ಎಲ್ಲಿ ಬರುತ್ತದೆ ಅಂದರೆ, ರಿಯಾಕ್ಟರ್ ಆಫ್ ಮಾಡಿದ ಮೇಲೆ. ವಿದಳನವನ್ನು ಸೆಕೆಂಡುಗಳಲ್ಲಿ ನಿಲ್ಲಿಸಬಹುದು. ಆದರೆ ಒಡೆದ ಹೋಳುಗಳು ವಿಕಿರಣಶೀಲ, ಅವು ತಮ್ಮ ಪಾಡಿಗೆ ಒಡೆಯುತ್ತಾ ಬಿಸಿ ಕೊಡುತ್ತಲೇ ಇರುತ್ತವೆ. ನಿಲ್ಲಿಸಿದ ಕ್ಷಣದಲ್ಲಿ ಈ ಬಿಸಿ ಪೂರ್ಣ ಶಾಖದ ಶೇಕಡಾ 6ರಿಂದ 7, ಒಂದು ಗಂಟೆಗೆ ಶೇಕಡಾ ಒಂದೂವರೆ, ಒಂದು ದಿನಕ್ಕೆ ಶೇಕಡಾ ಅರ್ಧದ ಹತ್ತಿರ. ಕೈಗಾದ ಒಂದು ಘಟಕದಲ್ಲಿ ಶಾಖ ಸುಮಾರು 750 ಮೆಗಾವ್ಯಾಟ್, ಅಂದರೆ ಆಫ್ ಮಾಡಿದ ಕೂಡಲೇ 50 ಮೆಗಾವ್ಯಾಟ್ ಬಿಸಿ ಎಲ್ಲಿಗಾದರೂ ಹೋಗಬೇಕು. ನಿಮ್ಮ ಹಾಳೆಯ ಮೇಲಿನ ಬೀಜದ ಸಾಲಿಗಿಂತ ಈ ಇಳಿತ ಬೇರೆ ಥರ, ಮೊದಲು ಧೊಪ್ಪನೆ ಇಳಿದು ಆಮೇಲೆ ಎಳೆಯುತ್ತದೆ. ನೂರಾರು ಐಸೋಟೋಪ್ ಬೆರೆತಿರುವುದರಿಂದ ಹೀಗೆ. ಸೆಕೆಂಡಿನವು ಮೊದಲು ಮುಗಿಯುತ್ತವೆ, ದಿನದವು ಆಮೇಲೆ, ವರ್ಷದವು ಕೊನೆಗೆ ಉಳಿಯುತ್ತವೆ.

ಜಪಾನಿನ ಫುಕುಶಿಮಾ ಅಣು ಸ್ಥಾವರದಲ್ಲಿ ಆದದ್ದು ಇದೇ. 2011ರ ಮಾರ್ಚ್ 11ರಂದು ಭೂಕಂಪವಾದಾಗ ಓಡುತ್ತಿದ್ದ ಮೂರೂ ರಿಯಾಕ್ಟರುಗಳು ನಿಯಮದ ಪ್ರಕಾರ ತಾವಾಗಿಯೇ ನಿಂತವು. ವಿದಳನ ಬಂದ್. ಆಮೇಲೆ ಬಂದ ಸುನಾಮಿ ಡೀಸೆಲ್ ಜನರೇಟರುಗಳನ್ನು ಮುಳುಗಿಸಿತು, ನೀರು ತಳ್ಳುವ ಪಂಪುಗಳಿಗೆ ಕರೆಂಟ್ ಇಲ್ಲ, ಇಂಧನ ಕರಗಿದ್ದು ಪೂರ್ತಿ ಈ ಉಳಿದ ಬಿಸಿಯಿಂದ. ಒಂದು ಸ್ಥಾವರ ಎಷ್ಟು ಸುರಕ್ಷಿತ ಎಂದು ಕೇಳಬೇಕಾದರೆ ನಾನು ಮೊದಲು ಕೇಳುವುದು ಇದನ್ನೇ, ಕರೆಂಟ್ ಹೋದರೆ ಎಷ್ಟು ಹೊತ್ತು ತಂಪಾಗಿಡಬಲ್ಲಿರಿ, ಹೇಗೆ?

ಬಳಸಿದ ಇಂಧನದ ಲೆಕ್ಕವನ್ನೂ ನೀವೇ ಹಾಕಬಹುದು. ಸೀಸಿಯಂ ಮತ್ತು ಸ್ಟ್ರಾಂಷಿಯಂ 300 ವರ್ಷಕ್ಕೆ ಸಾವಿರದ ಒಂದು ಪಾಲಿಗೆ ಇಳಿಯುತ್ತವೆ. ಪ್ಲುಟೋನಿಯಂ-239ರ ಅರ್ಧಾಯು 24,100 ವರ್ಷ, 300 ವರ್ಷಕ್ಕೆ ಅದು ಶೇಕಡಾ ಒಂದೂ ಕಡಿಮೆಯಾಗಿರುವುದಿಲ್ಲ. ಬಳಸಿದ ಇಂಧನದಿಂದ ಪ್ಲುಟೋನಿಯಂ ಬೇರ್ಪಡಿಸಿ ಮತ್ತೆ ಉರಿಸಬೇಕು ಎನ್ನುವ ನಮ್ಮ ದೇಶದ ಯೋಜನೆಗೆ ಇದೂ ಒಂದು ಕಾರಣ.

ಕೊನೆಯ ಲೆಕ್ಕ, ಗುಜರಿಯಿಂದ

2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಒಂದು ಹಳೆಯ ಪ್ರಯೋಗಾಲಯ ಯಂತ್ರವನ್ನು ಒಡೆದರು. ವಿಶ್ವವಿದ್ಯಾಲಯವೊಂದು ಬಹಳ ಕಾಲ ಬಳಸದೆ ಇಟ್ಟು ಹರಾಜು ಹಾಕಿದ್ದು. ಒಳಗೆ ಕೋಬಾಲ್ಟ್-60 ಇತ್ತು, ಅರ್ಧಾಯು 5.27 ವರ್ಷ. ಯಂತ್ರ ತಂದು ಸುಮಾರು 40 ವರ್ಷ ಆಗಿತ್ತು. 0.5^(40/5.27) ಹಾಕಿ: 0.005. ಮೊದಲಿದ್ದದ್ದರಲ್ಲಿ ಇನ್ನೂರಕ್ಕೆ ಒಂದು ಪಾಲು ಮಾತ್ರ ಉಳಿದಿತ್ತು. ಅಷ್ಟರಿಂದಲೇ ಒಬ್ಬರು ಸತ್ತರು, ಹಲವರು ಆಸ್ಪತ್ರೆ ಸೇರಿದರು. ಹತ್ತು ಅರ್ಧಾಯು ಕಳೆದರೆ ಸಾವಿರದ ಒಂದು ಪಾಲು ಎನ್ನುವುದು ಸರಿ, ಆದರೆ ಶುರುವಾದದ್ದು ಎಷ್ಟರಿಂದ ಎಂದು ಗೊತ್ತಿಲ್ಲದೆ "ಹಳೆಯದು, ಏನಾಗಲ್ಲ" ಎನ್ನುವಂತಿಲ್ಲ.

ಹಾಗಾಗಿ ಗುಜರಿಯಲ್ಲಿ, ಹಳೆ ಕಾರ್ಖಾನೆಯಲ್ಲಿ, ಮುಚ್ಚಿದ ಆಸ್ಪತ್ರೆಯಲ್ಲಿ ಗಾತ್ರಕ್ಕೆ ಮೀರಿ ಭಾರವಿರುವ ಲೋಹದ ಪಾತ್ರೆ ಕಂಡರೆ, ಅದರ ಮೇಲೆ ಹಳದಿ ಹಿನ್ನೆಲೆಯಲ್ಲಿ ಮೂರು ರೆಕ್ಕೆಯ ಫ್ಯಾನ್ ಥರದ ಗುರುತಿದ್ದರೆ, ಮುಚ್ಚಳ ತೆಗೆಯಬೇಡಿ, ಸುತ್ತಿಗೆ ಮುಟ್ಟಿಸಬೇಡಿ, ಒಳಗೇನಿದೆ ನೋಡೋಣ ಎಂದು ಬಗ್ಗಬೇಡಿ. ದೂರ ಹೋಗಿ. ದೂರ ಎರಡು ಪಟ್ಟಾದರೆ ತಗುಲುವುದು ಕಾಲು ಭಾಗವಾಗುತ್ತದೆ, ಹತ್ತು ಪಟ್ಟಾದರೆ ನೂರನೇ ಒಂದು ಭಾಗ. ಬೇರೆಯವರನ್ನೂ ಹತ್ತಿರ ಬಿಡಬೇಡಿ. 112ಕ್ಕೆ ಫೋನ್ ಮಾಡಿ, ವಿಕಿರಣದ ಗುರುತು ಇದೆ ಎಂದು ಆ ಪದವನ್ನೇ ಬಳಸಿ ಹೇಳಿ. ಈಗಾಗಲೇ ಯಾರಾದರೂ ಒಡೆದು ಮುಟ್ಟಿದ್ದರೆ ಆ ಕೈಯಲ್ಲಿ ಏನೂ ತಿನ್ನಬಾರದು, ಬೀಡಿ ಸಿಗರೇಟ್ ಕೂಡ ಸೇದಬಾರದು. ಹಾಕಿಕೊಂಡ ಬಟ್ಟೆ ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ಸೋಪು ಹಚ್ಚಿ ಮೈ ತೊಳೆದುಕೊಂಡು ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಏನು ಮುಟ್ಟಿದ್ದು, ಎಷ್ಟು ಹೊತ್ತು ಎಂದು ಮೊದಲೇ ಹೇಳಬೇಕು. ವಾಂತಿ, ಚರ್ಮ ಕಪ್ಪಾಗುವುದು ಕಂಡ ಮೇಲೆ ಹೋಗೋಣ ಎಂದು ಕಾಯುವಂತಿಲ್ಲ.